ಯಾರೂ ಮುಟ್ಟದ ಪೀಪಾಯಿ

ರಾದಿಮ್ ಮಾಡಿದ ತಪ್ಪು ಒಂದೇ. ತಾನು ಬಾಡಿಗೆಗಿದ್ದ ಮನೆಯ ನೆಲಮಾಳಿಗೆಯಲ್ಲಿಟ್ಟ ಪೀಪಾಯಿಯನ್ನು ಯಾರೂ ಮುಟ್ಟಬೇಡಿ ಎಂದು ಬಾಯಿಬಿಟ್ಟು ಹೇಳಿದ್ದು. ಹೇಳದೆ ಇದ್ದಿದ್ದರೆ ಆಲೂಗೆಡ್ಡೆ ಮೂಟೆಯ ಹಿಂದೆ ಅಂಥದ್ದೊಂದು ಇದೆ ಎನ್ನುವುದೇ ಆ ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪೀಪಾಯಿಯಲ್ಲಿ ಇದ್ದದ್ದು ಅವನ ಪರೀಕ್ಷೆ. ಪ್ರಾಗ್‌ನ ಬಿಯರ್ ಶಾಲೆಯಲ್ಲಿ ಮೊದಲ ವರ್ಷ ಮುಗಿಸುವವರು ಕೈಯಾರೆ ಒಂದು ಪುಟ್ಟ ಪೀಪಾಯಿ ಬಿಯರ್ ಮಾಡಿ, ತಣ್ಣನೆಯ ಜಾಗದಲ್ಲಿ ಹದಕ್ಕೆ ಬರಲು ಬಿಟ್ಟು, ಪರೀಕ್ಷಕರ ಎದುರಿಗೇ ಮೊದಲ ಸಲ ಅದರ ಬಿರಡೆ ತೆಗೆಯಬೇಕು. ಅಲ್ಲಿಯವರೆಗೆ ಮಾಡಿದವನೂ ರುಚಿ ನೋಡುವಂತಿಲ್ಲ. ಶಾಲೆಗೆ ತನ್ನದೇ ತಣ್ಣನೆಯ ಕೋಣೆಯೊಂದು ಇತ್ತು. ಅದು ಪ್ರೊಫೆಸರುಗಳ ಸ್ವಂತ ಪೀಪಾಯಿಗಳಿಂದ ತುಂಬಿಹೋಗಿದ್ದರಿಂದ ವಿದ್ಯಾರ್ಥಿಗಳು ತಂತಮ್ಮ ದಾರಿ ನೋಡಿಕೊಳ್ಳಬೇಕಾಗಿತ್ತು.

ರಾದಿಮ್ ದೂರದ ಮೊರಾವಿಯಾದ ವೈನ್ ಸೀಮೆಯವನು. ಅಲ್ಲಿ ಮಗ ಕುಡುಕನಾದರೆ ಮನೆಯವರು ಹೇಗೋ ಸಹಿಸಿಕೊಳ್ಳುತ್ತಾರೆ. ಬಿಯರ್ ಮಾಡುವುದನ್ನು ಕಲಿಯಲು ಹೋದ ಎಂದರೆ ಚರ್ಚಿನಲ್ಲಿ ಆ ಮನೆಯವರ ಪಕ್ಕದ ಜಾಗ ಖಾಲಿ ಉಳಿಯುತ್ತದೆ. ಅವನ ತಂದೆ ಅಲೋಯಿಸ್ ಹುಟ್ಟಿದಂದಿನಿಂದ ಬಿಯರ್ ಮುಟ್ಟಿದವರಲ್ಲ. "ಒಂದ್ ವರ್ಸ ಬುಡ್ತೀನಿ. ಪಾಸಾದ್ರೆ ಅಲ್ಲೇ ಇದ್ದು ಓದ್ಕೋ. ಫೇಲಾದ್ರೆ ತೆಪ್ಪಗೆ ಬಂದು ದ್ರಾಕ್ಷಿ ಬಳ್ಳಿ ಕಟ್ಟು" ಎಂದು ಕಳಿಸಿದ್ದರು. ರಾದಿಮ್‌ಗೆ ಬಳ್ಳಿ ಕಟ್ಟುವುದೆಂದರೆ ಪ್ರಾಣಸಂಕಟ. ಶಾಲೆಯ ಬೀದಿಯಲ್ಲಿ ಬೇಯುವ ಬಾರ್ಲಿಯ ವಾಸನೆ ಬಂದರೆ ಮಾತ್ರ ತಾನು ಬದುಕಿದ್ದೇನೆ ಅನ್ನಿಸುತ್ತಿತ್ತು. ಈ ಊರು ಬಿಡುವ ಮಾತೇ ಅವನಿಗೆ ಬೇಡವಾಗಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಮನೆಯ ಒಡತಿ ಹೆಡ್ವಿಕಮ್ಮ ಮೊಟ್ಟೆ ಬೇಯಿಸಿ ಕೊಟ್ಟರು. ಎದುರಿಗೆ ಮಹಡಿಯ ಬಾಡಿಗೆದಾರ ಚೆನೆಕ್ ಕುಳಿತಿದ್ದರು. ಟ್ರಾಮ್ ಓಡಿಸಿ ನಿವೃತ್ತರಾದವರು, ಬಿಯರ್ ವಿಷಯದಲ್ಲಿ ಪಂಡಿತರು. ಇದೇನೂ ವಿಶೇಷವಲ್ಲ. ಆ ಊರಿನಲ್ಲಿ ಬಿಯರ್ ಬಗ್ಗೆ ತಿಳಿಯದವರೆಂದರೆ ಬಿಯರ್ ಶಾಲೆಯ ವಿದ್ಯಾರ್ಥಿಗಳು ಮಾತ್ರ.

"ಏನಪ್ಪಾ ವೈನ್ ಸೀಮೆಯವನೇ, ಇವತ್ತೇ ಅಲ್ವಾ ನಿನ್ನ ಪರೀಕ್ಷೆ?" ಎಂದು ಚೆನೆಕ್ ರೊಟ್ಟಿಗೆ ಬೆಣ್ಣೆ ಸವರುತ್ತ ಕೇಳಿದರು.

"ಹೌದು ಮಾಮ, ಮಧ್ಯಾಹ್ನ. ಕೈಕಾಲು ಆಡ್ತಾ ಇಲ್ಲ."

"ಹೆದರಬೇಡ. ಬಿಯರ್ ಚೆನ್ನಾಗೇ ಬಂದಿದೆ."

"ನಿಮಗೆ ಹೇಗೆ ಗೊತ್ತು? ಅದನ್ನ ಯಾರೂ ಮುಟ್ಟಿಲ್ವಲ್ಲ."

ಚೆನೆಕ್ ಅವರ ಚಾಕು ಬೆಣ್ಣೆಯ ಮೇಲೇ ನಿಂತಿತು. ಹೆಡ್ವಿಕಮ್ಮ ನಡುವೆ ಬಂದರು. "ಬಣ್ಣ ನೋಡಿದ್ರೇ ಗೊತ್ತಾಗತ್ತೆ ಬಿಡಪ್ಪ."

"ಮರದ ಪೀಪಾಯಿ ಒಳಗಿರೋದ್ರ ಬಣ್ಣ ಹೇಗೆ ಕಾಣತ್ತೆ ಹೆಡ್ವಿಕಮ್ಮ?"

"ಪೀಪಾಯಿ ಬಣ್ಣದ ಮಾತೇ ನಾನು ಹೇಳಿದ್ದು. ಮೊಟ್ಟೆ ತಿನ್ನು, ಆರಿಹೋಗತ್ತೆ."

ರಾದಿಮ್ ಮೊಟ್ಟೆ ತಿಂದ. ಹಿರಿಯರು ಧೈರ್ಯ ಹೇಳುತ್ತಿದ್ದಾರೆ ಎಂದುಕೊಂಡು ಅವನ ಕಣ್ಣು ಕೂಡ ಒದ್ದೆಯಾಯಿತು. ಅಂಥ ಹುಡುಗ.

ಅಷ್ಟರಲ್ಲಿ ತಂದೆಯ ಫೋನು ಬಂತು. ಫಲಿತಾಂಶವನ್ನು ಕಣ್ಣಾರೆ ನೋಡಲು ಅವರು ರೈಲು ಹತ್ತಿಯಾಗಿತ್ತು. ಮಗನನ್ನು ಕರೆದೊಯ್ಯುವ ಟಿಕೆಟ್ಟನ್ನೂ ತೆಗೆದಿಟ್ಟುಕೊಂಡಿದ್ದರು. ಮಗನ ಮೇಲೆ ಅವರಿಗೆ ಅಷ್ಟು ನಂಬಿಕೆ. ರಾದಿಮ್ ನಿಲ್ದಾಣಕ್ಕೆ ಓಡಿದ. ಅಲೋಯಿಸ್ ಯಾವ ರೈಲಿಗೆ ಬರುತ್ತೇನೆ ಎನ್ನುತ್ತಾರೋ ಅದರ ಹಿಂದಿನ ರೈಲಿಗೇ ಬಂದಿಳಿಯುವ ಮನುಷ್ಯ ಎಂಬುದು ಗಾಬರಿಯಲ್ಲಿ ಅವನಿಗೆ ಮರೆತೇಹೋಗಿತ್ತು. ಬಂದ ರೈಲುಗಳ ಎಲ್ಲ ಬಾಗಿಲುಗಳಲ್ಲೂ ಇಣುಕಿ, ಯಾರದೋ ತಂದೆಯನ್ನು ಅಪ್ಪಿಕೊಂಡು ಬೈಸಿಕೊಂಡು, ಮಧ್ಯಾಹ್ನ ಹತ್ತಿರವಾದಾಗ ಬರಿಗೈಯಲ್ಲಿ ಮನೆಗೆ ಬಂದ.

ತಂದೆ ಹೆಡ್ವಿಕಮ್ಮನ ಸೋಫಾದ ಮೇಲೆ ಟೋಪಿಯಿಂದ ಕಣ್ಣು ಮುಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದರು. ಮೀಸೆಯ ತುದಿಯಲ್ಲಿ ಬಿಳಿ ನೊರೆ ಒಣಗಿತ್ತು. ಕ್ಷೌರ ಮಾಡಿಕೊಂಡಿರಬೇಕು ಎಂದುಕೊಂಡ. ಎಬ್ಬಿಸಲು ಸಮಯವಿರಲಿಲ್ಲ. ಪೀಪಾಯಿಯನ್ನು ಎತ್ತಿಕೊಂಡು ಬೀದಿಗೆ ಬಂದರೆ, ಚೆನೆಕ್ ಎದುರು ಪಬ್ಬಿನ ಮೆಟ್ಟಿಲ ಮೇಲೆ ಖಾಲಿ ಹೂಜಿ ಹಿಡಿದು ಏದುಸಿರು ಬಿಡುತ್ತಿದ್ದರು.

"ಏನು ಮಾಮ, ಹೂಜಿ ಹಿಡ್ಕೊಂಡು?"

"ಊಟಕ್ಕೆ ಕಣಪ್ಪ, ಊಟಕ್ಕೆ. ನೀನು ಹೊರಡು. ಪೀಪಾಯಿ ಜೋಪಾನ."

ಊಟದ ಹೊತ್ತಿಗೆ ಪಬ್ಬಿನಿಂದ ಹೂಜಿಯಲ್ಲಿ ಬಿಯರ್ ತರುವುದು ಆ ಬೀದಿಯ ಪ್ರತಿ ಮನೆಯ ಪದ್ಧತಿ. ರಾದಿಮ್‌ಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಟ್ರಾಮಿನಲ್ಲಿ ಪೀಪಾಯಿಯನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಹೋದ. ಪಕ್ಕದ ಮುದುಕಿ ಅದನ್ನು ತಟ್ಟಿ ನೋಡಿ, "ಹೊಸದಾಗಿ ತುಂಬಿಸಿದ ಹಾಗಿದೆ" ಎಂದಳು. ಅವಳೂ ಪಂಡಿತಳೇ.

ಪರೀಕ್ಷಕರು ಮೂವರು. ಅಧ್ಯಕ್ಷರು ಪ್ರೊಫೆಸರ್ ಕುಬಾಲ. ಊರಿನ ಅರ್ಧ ಪಬ್ಬುಗಳಿಗೆ ಬಿಯರ್ ಕೊಡುವ 'ಬಿಳಿ ಗೂಳಿ' ಕಂಪನಿಗೆ ಅವರು ಸಲಹೆಗಾರರು. 'ಇದಕ್ಕಿಂತ ಶುದ್ಧವಾದ ಬಿಯರನ್ನು ನಾನು ಕುಡಿದಿಲ್ಲ' ಎಂಬ ಮಾತಿನ ಜೊತೆ ಅವರ ಫೋಟೋ ಪಬ್ಬಿನ ಗೋಡೆಗಳಲ್ಲಿ ನಗುತ್ತಿತ್ತು. ಪರೀಕ್ಷೆಯಲ್ಲಿ ಅವರು ನಗುತ್ತಿರಲಿಲ್ಲ.

ರಾದಿಮ್ ಬಿರಡೆ ತೆಗೆದು ಗ್ಲಾಸಿಗೆ ಸುರಿದ. ತಾನು ಹುರಿದ ಬಾರ್ಲಿಗೆ ಜೇನುತುಪ್ಪದ ಬಣ್ಣ ಬರಬೇಕಿತ್ತು, ಬಂದದ್ದು ಪೇಲವ ಹಳದಿ. ನೊರೆ ಹುಟ್ಟುತ್ತಲೇ ಸತ್ತುಹೋಯಿತು. ಹೆದರಿಕೆಗೆ ಕಣ್ಣು ಮಂಜಾಗಿದೆ ಎಂದು ಸಮಾಧಾನ ಮಾಡಿಕೊಂಡ.

ಕುಬಾಲ ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಇದನ್ನ ಬಿಯರ್ ಅಂತ ಕರೆಯೋಕೆ ನಿಮಗೆ ಧೈರ್ಯ ಹೇಗೆ ಬಂತು? ಬಾರ್ಲಿ ಹಾಕಿದೀರೋ, ಬಾರ್ಲಿ ಮೂಟೆ ತೊಳೆದ ನೀರು ಹಾಕಿದೀರೋ?"

"ಹುಳಿ ಬೇರೆ ಬಂದಿದೆ" ಎಂದರು ಬಲಗಡೆಯವರು.

"ಕಹಿನೂ ಇಲ್ಲ" ಎಂದರು ಎಡಗಡೆಯವರು. ಅವರು ಇನ್ನೂ ಕುಡಿದಿರಲಿಲ್ಲ.

"ಹಣಕ್ಕೆ ಆಸೆಪಟ್ಟು ಮಾಡಿದ ಬಿಯರ್ ಹೀಗಿರತ್ತೆ. ಮಾಡಿದವನಿಗೆ ನಾಚಿಕೆ ಆಗಬೇಕು. ಫೇಲ್" ಎಂದರು ಕುಬಾಲ.

ರಾದಿಮ್ ಗ್ಲಾಸು ತೆಗೆದು, ಉಳಿದಿದ್ದನ್ನು ನಾಲಿಗೆಗೆ ತಾಗಿಸಿದ. ವರ್ಷವಿಡೀ ಎದುರು ಪಬ್ಬಿನಲ್ಲಿ ಕುಡಿದ ರುಚಿ. ಅದು ಹೇಗೆಂದು ತಿಳಿಯದೆ ಕಾರಿಡಾರಿಗೆ ಬಂದರೆ ಅಲ್ಲಿ ಹೆಡ್ವಿಕಮ್ಮ, ಚೆನೆಕ್, ಅಲೋಯಿಸ್ ಸಾಲಾಗಿ ನಿಂತಿದ್ದರು. ಚೆನೆಕ್ ನೆಲ ನೋಡುತ್ತಿದ್ದರು.

"ನಿಮ್ಮಪ್ಪ ಬೇಗ ಬಂದ್ಬಿಟ್ರು. ಮಗ ಏನು ಮಾಡಿದಾನೆ ತೋರಿಸಿ ಅಂದ್ರು. ಒಂದು ಗ್ಲಾಸು ಕೊಟ್ವಿ. ಆಮೇಲೆ ಅವರೇ ಪೀಪಾಯಿ ಬಿಡಲಿಲ್ಲ. ನಿನ್ನನ್ನ ಖಾಲಿ ಪೀಪಾಯಿ ಜೊತೆ ಕಳಿಸೋದು ಮರ್ಯಾದೆ ಅಲ್ಲ ಅಂತ ಪಬ್ಬಿಂದ ಬಿಳಿ ಗೂಳಿ ತಂದು ತುಂಬಿಸಿದ್ವಿ" ಎಂದರು ಚೆನೆಕ್.

ರಾದಿಮ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೂವರನ್ನೂ ಎಳೆದುಕೊಂಡು ಮತ್ತೆ ಒಳಗೆ ನುಗ್ಗಿದ. "ಸರ್, ನೀವು ಕುಡಿದದ್ದು ನನ್ನ ಬಿಯರ್ ಅಲ್ಲ. ಬಿಳಿ ಗೂಳಿ. ಇವರೇ ಸಾಕ್ಷಿ."

 ಕುಬಾಲ ಇನ್ನೊಂದು ಗ್ಲಾಸು ಸುರಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ನಿಧಾನವಾಗಿ ಕುಡಿದರು.

"ಸ್ವಲ್ಪ ಗಾಳಿ ಆಡಿದ ಮೇಲೆ ರುಚಿ ಬಿಚ್ಚಿಕೊಳ್ತಾ ಇದೆ" ಎಂದರು.

"ಹುಳಿ ಅಂದಿದ್ದು ನಾನು ಹೊಗಳಿಕೆಗೆ" ಎಂದರು ಬಲಗಡೆಯವರು.

"ಕಹಿ ಇದೆ, ಹದವಾಗಿದೆ" ಎಂದರು ಎಡಗಡೆಯವರು. ಅವರು ಆಗಲೂ ಕುಡಿದಿರಲಿಲ್ಲ.

"ಬಹಳ ಶುದ್ಧವಾದ ಬಿಯರ್" ಎಂದು ಕುಬಾಲ ಗ್ಲಾಸು ಕೆಳಗಿಟ್ಟರು. ರಾದಿಮ್ ಮುಖ ಅರಳಿತು. "ಆದರೆ ಇದನ್ನ ಮಾಡಿದ್ದು ನೀವಲ್ಲ. ಬೇರೆಯವರ ಬಿಯರ್ ತಂದು ಪರೀಕ್ಷೆಗೆ ಇಟ್ಟಿದೀರಿ. ಮೊದಲು ಬರೀ ಫೇಲ್ ಇತ್ತು. ಈಗ ಮೋಸಕ್ಕೆ ಫೇಲ್."

"ಇವನ್ ಬಿಯರ್ ನಾನ್ ಕುಡ್ದಿವ್ನಿ ಸ್ವಾಮಿ, ಬೊಂಬಾಟಾಗಿತ್ತು" ಎಂದು ಅಲೋಯಿಸ್ ಮುಂದೆ ಬಂದರು.

"ಕುಡಿದು ಖಾಲಿ ಮಾಡಿದ್ದಕ್ಕೆ ಅಂಕ ಕೊಡೋ ಪದ್ಧತಿ ಇಲ್ಲ" ಎಂದರು ಕುಬಾಲ.

ಹೊರಗೆ ಮೆಟ್ಟಿಲ ಮೇಲೆ ರಾದಿಮ್ ಕುಸಿದು ಕುಳಿತ. ಅಲೋಯಿಸ್ ಪಕ್ಕದಲ್ಲಿ ಕುಳಿತು ಅವನ ಹೆಗಲ ಮೇಲೆ ಕೈಯಿಟ್ಟರು. ಜೀವಮಾನದಲ್ಲಿ ಅವರು ಹಾಗೆ ಕೈಯಿಟ್ಟದ್ದು ಅದೇ ಮೊದಲು.

"ಆ ಮಾಸ್ತರ ಮಾತ್ಗೆ ಯಾಕ್ಲಾ ಅಳ್ತೀಯ? ನಲವತ್ತು ವರ್ಸ ವೈನ್ ಮಾಡಿದ್ ನಾಲ್ಗೆ ಇದು. ನಿನ್ ಬಿಯರ್ ಕುಡ್ದು ನಂಗೆ ಕಣ್ಣಾಗೆ ನೀರ್ ಬಂತು. ನನ್ ಲೆಕ್ಕದಾಗೆ ನೀನು ಪಾಸು."

ರಾದಿಮ್ ತಲೆಯೆತ್ತಿದ. "ಹಂಗಾದ್ರೆ ಅಪ್ಪ, ಪಾಸಾದ್ರೆ ಇಲ್ಲೇ ಇರು ಅಂದಿದ್ದೆ ಅಲ್ವಾ?"

"ಪಾಸಾದೋನ್ಗೆ ಸ್ಕೂಲ್ ಯಾಕ್ಲಾ? ಇಂಥದ್ ಮಾಡಾಕ್ ಬಂದ್ಮೇಲೆ ಇನ್ನೇನ್ ಐತೆ ಕಲಿಯಾಕೆ? ಗುಡ್ಡದ್ ಬಳ್ಳಿ ಎಲ್ಲ ಕಿತ್ತಾಕಿ ಬಾರ್ಲಿ ಬಿತ್ತುಸ್ತೀನಿ. ನಡಿ, ಟಿಕೆಟ್ ಎಂಗೂ ತಗಂಡಿವ್ನಿ."

ಸಂಜೆಯ ರೈಲಿಗೆ ಹೆಡ್ವಿಕಮ್ಮ ಮತ್ತು ಚೆನೆಕ್ ಅವನ ಪೆಟ್ಟಿಗೆ ಹೊತ್ತು ತಂದರು. ಅವನ ಕೋಣೆಗೆ ಹೊಸ ಬಾಡಿಗೆದಾರ ಆಗಲೇ ಗೊತ್ತಾಗಿದ್ದ. ಅಲೋಯಿಸ್ ಒಳಗೆ ಸೀಟು ಹಿಡಿದು ಕಿಟಕಿಯಿಂದ ತಲೆ ಹಾಕಿ ಕೂಗಿದರು. "ಬಾರ್ಲಾ ಬಿರ್ನೆ. ಬೆಳಿಗ್ಗೆ ಕುಡ್ದನಲ್ಲ, ಅದೇ ರುಚಿ ಬರ್ಬೇಕು ನೋಡು. ಒಂದ್ ಚೂರೂ ಅತ್ತಿತ್ತ ಆಗ್ಬಾರ್ದು."

ಚೆನೆಕ್ ರಾದಿಮ್‌ನನ್ನು ಪಕ್ಕಕ್ಕೆ ಕರೆದರು. "ಒಂದು ಮಾತು. ಹೇಳದೆ ಇದ್ರೆ ನಂಗೆ ನಿದ್ದೆ ಬರಲ್ಲ. ನಿಮ್ಮಪ್ಪ ಬೆಳಿಗ್ಗೆ ಕುಡಿದದ್ದೂ ಬಿಳಿ ಗೂಳಿನೇ."

"ಹಾಗಾದ್ರೆ ನಂದು?" ಎಂದ ರಾದಿಮ್.

"ನಿಂದು ಹೋದ ವಾರವೇ ಮುಗಿದಿತ್ತು" ಎಂದರು ಹೆಡ್ವಿಕಮ್ಮ. "ಇಸ್ಪೀಟು ಆಡ್ತಾ ಕೂತಿದ್ವಿ. ನೀನು ಮುಟ್ಟಬೇಡಿ ಅಂದಿದ್ದು ಪದೇ ಪದೇ ನೆನಪಾಗ್ತಾ ಇತ್ತು. ಆವತ್ತೂ ತುಂಬಿಸಿಟ್ವಿ, ಇವತ್ತೂ ತುಂಬಿಸಿದ್ವಿ. ಒಂದು ತೊಟ್ಟು ಕಮ್ಮಿ ಮಾಡಿಲ್ಲಪ್ಪ, ದೇವರಾಣೆ."

ರೈಲು ಸೀಟಿ ಹಾಕಿತು. ರಾದಿಮ್ ಬೈಯಲಿಲ್ಲ, ಕೂಗಾಡಲೂ ಇಲ್ಲ. ಒಂದು ವರ್ಷ ನಿದ್ದೆಗೆಟ್ಟು ಮಾಡಿದ್ದರ ರುಚಿ ಈ ಭೂಮಿಯ ಮೇಲೆ ಗೊತ್ತಿದ್ದವರು ಆ ಇಬ್ಬರೇ. ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು ಕೇಳಿದ.

"ಮಾಮ, ಹೇಗಿತ್ತು?"

"ಯಾವುದು?"

"ನನ್ನ ಬಿಯರ್."

ರೈಲು ಅಲುಗಾಡಿತು. ಚೆನೆಕ್ ಹೆಡ್ವಿಕಮ್ಮನ ಮುಖ ನೋಡಿದರು, ಹೆಡ್ವಿಕಮ್ಮ ಚೆನೆಕ್ ಅವರ ಮುಖ ನೋಡಿದರು. ಇಬ್ಬರೂ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ಪ್ರಯತ್ನಪಟ್ಟರು. ಚೆನೆಕ್ ರೈಲಿನ ಜೊತೆ ನಾಲ್ಕು ಹೆಜ್ಜೆ ಓಡಿ ಬಂದರು.

"ತಣ್ಣಗಿತ್ತು ಕಣಪ್ಪ" ಎಂದರು.