ಬಿಸಿನೀರು ಬಿದ್ದ ಮಣೆ

ಕಟ್ಟಿಗೆಗೆ ಅಂಟು ಹಚ್ಚಿ ಹೊಟ್ಟೆ ಹೊರೆಯುವವನ ಮುಂದೆ ನಗೆಯ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಿಜಾಮರ ಕಾಲದಲ್ಲಿ ಲಿಂಗಸುಗೂರಿನಲ್ಲಿ ನಾನು ಬಡಿಗತನ ಕಲಿತೆ. ಕಲಿಸಿದ ಉಸ್ತಾದರ ಅನ್ನದ ಋಣ ಇನ್ನೂ ನನ್ನ ಮೇಲಿದೆ. ಆಗ ನಮ್ಮ ಅಂಟೆಂದರೆ ತೊಗಲು ಕುದಿಸಿ ಮಾಡಿದ್ದು. ಕಟ್ಟಿಗೆ ಹಸಿಯಿದ್ದರೆ ಅದು ಹಿಡಿಯುತ್ತಿರಲಿಲ್ಲ.

೧. ಕೆನ್ನೆ

ಹಲಗೆ ಒಣಗಿದೆಯೋ ಇಲ್ಲವೋ ನೋಡಲು ಉಸ್ತಾದರು ಅದನ್ನು ಕೆನ್ನೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ತಣ್ಣಗೆ ಹತ್ತಿದರೆ ಒಳಗೆ ಇನ್ನೂ ಪಸೆಯಿದೆ ಎಂದರ್ಥ. ಒಮ್ಮೆ ಅವರು ಹಾಗೆ ನಿಂತಾಗ ಸಿಂಧನೂರಿನಿಂದ ಒಬ್ಬ ಅಜ್ಜಿ ಪೆಟ್ಟಿಗೆ ಮಾಡಿಸಲು ಬಂದಳು. ನೋಡಿದ್ದೇ ತಡ, ಸೆರಗು ಬಾಯಿಗಿಟ್ಟು ಅಳತೊಡಗಿದಳು. ಉಸ್ತಾದರು ಗಾಬರಿಯಾದರು.

"ಯಾಕಬೇ ಯವ್ವಾ, ಯಾರ ಹೋದ್ರು?"

"ನನಗೇನ ಗೊತ್ತೋ ಯಪ್ಪಾ! ನೀ ಹಲಗಿ ಅಪ್ಪಿಕೊಂಡು ಅಳಾಕತ್ತಿದ್ದಿ, ಒಬ್ಬನ ಯಾಕ ಅಳಬೇಕಂತ ಜೋಡಿ ಆದ್ನಿ."

೨. ಭಟ್ಟಿ

ಮಸ್ಕಿಯಲ್ಲಿ ಚುರುಮುರಿ ಹುರಿಯುವವನೊಬ್ಬನಿದ್ದ. ಹೆಂಡತಿ ದಿನ ತುಂಬಿದವಳು, ತೊಟ್ಟಿಲಿಗೆ ಅವಸರ. "ಕಟ್ಟಿಗಿ ಚೆಂದಾಗಿ ಒಣಗಿಸಿಕೊಂಡು ಬಾ" ಎಂದು ಉಸ್ತಾದರು ಹೇಳಿ ಕಳಿಸಿದರು. ಅವನು ತಂದ ಹಲಗೆಗಳು ಕಂದು ತಿರುಗಿ ಘಮಘಮ ಎನ್ನುತ್ತಿದ್ದವು. ಅಂಟು ಹಚ್ಚಿದರೆ ಒಳಗಿಳಿಯಲೊಲ್ಲದು, ಕೆಸವಿನೆಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಉರುಳುತ್ತಿತ್ತು.

"ಒಣಗಿಸಲೇ ಅಂದ್ರ ಭಟ್ಟ್ಯಾಗ ಹುರಕೊಂಡ ಬಂದೀಯಲ್ಲೋ!"

"ಖಾರಾ, ಉಪ್ಪು ಏನೂ ಹಾಕಿಲ್ರೀ ಉಸ್ತಾದ, ದೇವರಾಣಿ!"

ಉಸ್ತಾದರು ನಗುತ್ತಲೇ ಸುಟ್ಟ ಮೈಯನ್ನು ಹತ್ತರಿಯಿಂದ ಹೆರೆದು ತೆಗೆದರು. ಒಳಗಿನ ಹೊಸ ಮೈಗೆ ಅಂಟು ಗಟ್ಟಿಯಾಗಿ ಹಿಡಿಯಿತು. ಕೂಸು ಹುಟ್ಟುವುದರೊಳಗೆ ತೊಟ್ಟಿಲು ಮನೆ ಸೇರಿತು. ಆ ಮನುಷ್ಯ ಸಂತೆಗೆ ಬಂದಾಗಲೆಲ್ಲ ನಮಗೆ ಚುರುಮುರಿ ತಂದುಕೊಡುತ್ತಿದ್ದ. ಅದಕ್ಕೆ ಮಾತ್ರ ಉಪ್ಪು, ಖಾರ ಎರಡೂ ಇರುತ್ತಿದ್ದವು.

೩. ಸುರಗಿ

ನನ್ನ ಮದುವೆಗೆ ಉಸ್ತಾದರು ಎರಡು ಹಲಗೆ ಕೂಡಿಸಿ ಅಗಲವಾದ ಮಣೆ ಮಾಡಿಕೊಟ್ಟರು, ಊಟಕ್ಕೆ ಕೂರಲೆಂದು. ಹೆಣ್ಣಿನ ಕಡೆಯ ಹೆಂಗಸರಿಗೆ ಅದು ಹಿಡಿಸಿತು. ಬಿಸಿನೀರಲ್ಲಿ ತಿಕ್ಕಿ, ನೆನೆಯಿಟ್ಟು, ಮದುಮಕ್ಕಳಿಗೆ ನೀರೆರೆಯುವ ಸುರಗಿಗೆ ಹಾಕಿಬಿಟ್ಟರು. ನನ್ನನ್ನೂ ಮದುಮಗಳನ್ನೂ ಅದರ ಮೇಲೆ ಕೂರಿಸಿ, ಹಾಡು ಹೇಳುತ್ತ ಬಿಸಿಬಿಸಿ ಅರಿಶಿಣದ ನೀರು ಸುರಿದರು. ತೊಗಲಿನಂಟು ಎಷ್ಟೆಂದು ತಡೆದೀತು? ಮಣೆ ನಡುವೆ ಬಾಯಿಬಿಟ್ಟು ಎರಡಾಯಿತು. ನಾನು ಈ ಕಡೆ ವಾಲಿದೆ, ಆಕೆ ಆ ಕಡೆ.

ಹಾಡು ನಿಂತಿತು. "ಅಪಶಕುನ! ಹುಡುಗೀನ ಎಬ್ಬಸ್ರಿ" ಎಂದು ಆಕೆಯ ದೊಡ್ಡಪ್ಪ ಎದ್ದು ಬಂದ. ಉಸ್ತಾದರು ಕೈಮುಗಿದರು. "ಬಿಸಿನೀರು ಬಿದ್ರ ಅಂಟು ಬಿಡತೈತ್ರಿ ಸಾಹುಕಾರ, ಮದುವಿಗೂ ಅದಕ್ಕೂ ಸಂಬಂಧ ಇಲ್ಲ." ಯಾರು ಕೇಳಬೇಕು?

ಅಲ್ಲಿಯವರೆಗೆ ನಾನು ಆಕೆಯ ದನಿಯನ್ನೇ ಕೇಳಿರಲಿಲ್ಲ. ಅವತ್ತು ಆಕೆ ಬಾಯಿ ತೆರೆದದ್ದಕ್ಕೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಒದ್ದೆ ಸೆರಗಿನೊಳಗಿಂದಲೇ ಅಂದಳು:

"ಏಳಂಗಿಲ್ಲ ದೊಡ್ಡಪ್ಪಾ. ಇಷ್ಟೊತ್ತು ಇವರು ಪೂರಾ ಮಣಿ ಹಿಡಕೊಂಡು ಕುಂತಿದ್ರು, ನಾ ಅಂಚಿನ್ಯಾಗ ಜೋತಾಡಾಕತ್ತಿದ್ನಿ. ಈಗ ನನಗೂ ಒಂದು ಸಿಕ್ಕೈತಿ. ನೀರ ಹಾಕ್ರಿ, ಆರಾಕತ್ತಾವು!"