ಹದಿನೈದು ಅಡಿ ದೂರ ಬಯಸುವ ಲೆನ್ಸ್ ಮಹಾಶಯರಿಗೆ

ಮಾನ್ಯ ಟೆಲಿ ಲೆನ್ಸ್ ಮಹಾಶಯರೇ,

ನನ್ನ ಬೀರುವಿನಲ್ಲಿ, ಮದುವೆಯ ಸೂಟನ್ನು ಹೊರಗಟ್ಟಿ, ತೇವ ಹೀರುವ ಪೊಟ್ಟಣಗಳ ನಡುವೆ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ ಹವ್ಯಾಸಿ ಛಾಯಾಗ್ರಾಹಕನಾದ ಈ ಬಡಪಾಯಿಯ ಅನಂತ ನಮಸ್ಕಾರಗಳು.

ತಾವು ಬರುವ ಮೊದಲು ನನ್ನ ಬಳಿ ಇದ್ದದ್ದು ಕ್ಯಾಮೆರಾದ ಜೊತೆಗೇ ಬಂದ ಪುಟ್ಟ ಲೆನ್ಸು. ಅದರಿಂದ ಫೋಟೊ ಬರುತ್ತಿತ್ತು, ಮರ್ಯಾದೆ ಬರುತ್ತಿರಲಿಲ್ಲ. ನಮ್ಮ ಭಾನುವಾರದ ಕೂಟದಲ್ಲಿ ಯಾರೂ ಯಾರ ಫೋಟೊವನ್ನೂ ನೋಡುವುದಿಲ್ಲ; ಒಬ್ಬರ ಲೆನ್ಸನ್ನು ಇನ್ನೊಬ್ಬರು ಕೈಯಲ್ಲಿ ತೂಗಿ, "ಭಾರ ಇದೆ ಕಣ್ರೀ" ಎಂದು ತಲೆದೂಗುತ್ತಾರೆ. ತಮ್ಮನ್ನು ತೂಗಿದ ದಿನ ಅಧ್ಯಕ್ಷರಾದ ದಂತವೈದ್ಯರು ಎದ್ದೇ ನಿಂತರು. ಪುಟ್ಟ ಲೆನ್ಸನ್ನು ನಾನು ಅಂದೇ ಮಾರಿಬಿಟ್ಟೆ.

ಈಗ ದೂರಿಗೆ ಬರುತ್ತೇನೆ. ಬಹುಕಾಲ ಹೊಲಿಗೆ ಅಂಗಡಿ ನಡೆಸಿದ ನನ್ನ ಅಮ್ಮ ಕಳೆದ ವಾರ ಅದನ್ನು ಮುಚ್ಚಿ, ಹೊಲಿಗೆ ಮಿಷನ್ನನ್ನೂ ಮಾರಿದರು. "ಮಿಷನ್ ತಗೊಂಡು ಹೋಗೋಕ್ ಮುಂಚೆ ಅದರ ಜೊತೆ ನಂದೊಂದು ಫೋಟೊ ತೆಗಿಯೋ" ಎಂದು, ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಹವ್ಯಾಸದಿಂದ ಏನನ್ನೋ ಕೇಳಿದರು. ಅಂಗಡಿಯೋ ಎರಡು ಮಂಚ ಹಾಕಿದರೆ ತುಂಬುವಷ್ಟು. ತಾವೋ, ಹದಿನೈದು ಅಡಿ ದೂರ ನಿಲ್ಲದವರ ಮುಖವನ್ನೇ ಗುರುತಿಸದ ದೊಡ್ಡ ಮನುಷ್ಯರು. ಹಿಂದೆ ಸರಿದೆ, ಮೆಟ್ಟಿಲಿಳಿದೆ, ಕಡೆಗೆ ರಸ್ತೆ ದಾಟಿ ಔಷಧಿ ಅಂಗಡಿಯ ಜಗಲಿ ಹತ್ತಿದೆ. ನಡುವೆ ಒಂದು ಬಸ್ಸು, ಅದರ ಹಿಂದೆ ನೀರಿನ ಟ್ಯಾಂಕರು, ಅದರ ಹಿಂದೆ ಇನ್ನೊಂದು ಬಸ್ಸು. ರಸ್ತೆ ತೆರವಾಗುವಷ್ಟರಲ್ಲಿ, ಮಿಷನ್ ಕೊಂಡವರು ಅವಸರದಲ್ಲಿ ಅದನ್ನು ಗಾಡಿಗೇರಿಸಿ ಹೊರಟೇಬಿಟ್ಟಿದ್ದರು.

ಆದರೂ ತಮ್ಮ ಸಾಮರ್ಥ್ಯವನ್ನು ಹೊಗಳದೆ ಇರಲಾರೆ. ಖಾಲಿ ಜಾಗದ ಪಕ್ಕ ನಿಂತ ಅಮ್ಮನ ಚಿತ್ರ ಎಷ್ಟು ಸ್ಪಷ್ಟವೆಂದರೆ, ತೋಳಿಗಂಟಿದ ನೂಲಿನ ಚೂರೂ, ನೆಲದಲ್ಲಿ ಮಿಷನ್ನಿನ ಕಾಲುಗಳು ಬಿಟ್ಟ ಗುರುತೂ ಎದ್ದು ಕಾಣುತ್ತವೆ. ಫೋಟೊ ನೋಡದ ನಮ್ಮ ಕೂಟದಲ್ಲೂ ಅದಕ್ಕೆ ಮೊದಲ ಬಹುಮಾನ ಬಂತು. ಅಮ್ಮ ಮಾತ್ರ, "ಚೆನ್ನಾಗಿದೆ ಕಣೋ, ಮಿಷನ್ ಎಲ್ಲಿ?" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಮಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

ಆದಕಾರಣ ತಾವು ದಯಮಾಡಿ ಅಂಗಡಿಯ ಹಿಂಗೋಡೆಯನ್ನು ಪಕ್ಕದ ಬೀದಿಯವರೆಗೆ ಸರಿಸಿಕೊಡಬೇಕು, ಇಲ್ಲವೇ ಆ ಬೆಳಗನ್ನು ಬಸ್ಸುಗಳಿಲ್ಲದೆ ಇನ್ನೊಮ್ಮೆ ನಡೆಸಿಕೊಡಬೇಕು. ಎರಡೂ ಆಗದಿದ್ದರೆ, ನನಗೆ ಹತ್ತಿರದವರೆಲ್ಲ ಇನ್ನು ಮುಂದೆ ಹದಿನೈದು ಅಡಿಯಾಚೆಯೇ ವಾಸಿಸುವಂತೆ ಏರ್ಪಾಡು ಮಾಡಬೇಕೆಂದು ಪ್ರಾರ್ಥನೆ.

ತಮ್ಮನ್ನು ಹೊತ್ತು ಹೆಗಲು ಜಗ್ಗಿಸಿಕೊಂಡ,
ತಮ್ಮ ವಿಶ್ವಾಸಿ,
ಟೈಲರಮ್ಮನ ಮಗ

ತಾ.ಕ.: ನಾವು ರಸ್ತೆಯಾಚೆ ಇದ್ದಾಗ ನನ್ನ ಹೆಂಡತಿ ಅಂಗಡಿಯ ಮೂಲೆಯಿಂದ, ಗಾಜು ಬಿರುಕುಬಿಟ್ಟ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿದ್ದಳಂತೆ. ಅದರಲ್ಲಿ ಮಿಷನ್ ಇದೆ, ಅದರ ಮೇಲೆ ಅಮ್ಮನ ಕೈ ಇದೆ, ನಗು ಇದೆ. ಬಾಗಿಲಾಚೆ ದೂರದಲ್ಲಿ, ನೂಲು ಸುತ್ತುವ ಬಾಬಿನ್‌ಗಿಂತ ಚಿಕ್ಕದಾಗಿ ತಾವೂ ನಾನೂ ಇದ್ದೇವೆ. ಅಮ್ಮ ಅದಕ್ಕೆ ಕಟ್ಟು ಹಾಕಿಸಿದ್ದಾರೆ. ಬಂದವರಿಗೆಲ್ಲ ನಮ್ಮಿಬ್ಬರನ್ನು ಬೆರಳಿಟ್ಟು ಹುಡುಕಿ, "ಇವನೇ ನನ್ನ ಮಗ, ಚೆನ್ನಾಗಿ ಫೋಟೊ ತೆಗೀತಾನೆ" ಎಂದು ತೋರಿಸುತ್ತಾರೆ.