ಆರು ಚಕ್ರದ ಬಂಡಿಗಳೂ ನನ್ನ ನಿಷ್ಪಕ್ಷಪಾತವೂ

ಮಾತು ಕಡಿಮೆ ಆಡುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಇದು ನಿಜವಲ್ಲ. ಗೊತ್ತಿಲ್ಲ ಎಂಬುದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ದೆಹಲಿಯ ದ್ವಾರಕಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎರಡು ವರ್ಷ ಈ ತಪ್ಪು ನಂಬಿಕೆಯ ನೆರಳಿನಲ್ಲಿ ಸುಖವಾಗಿದ್ದೆ. ಸಭೆಯಲ್ಲಿ ಹಿಂದಿನ ಸಾಲಿನ ಕುರ್ಚಿ, ಲಿಫ್ಟಿನಲ್ಲಿ ಒಂದು ನಮಸ್ತೆ, ಯಾವ ಬಣಕ್ಕೂ ಸೇರದವಳು ಎಂಬ ಹೆಸರು. ಆ ಹೆಸರೇ ನನಗೆ ಮುಳುವಾಯಿತು.

ಪ್ರತಿ ಮಳೆಗಾಲದಲ್ಲೂ ನಮ್ಮ ಗೇಟಿನಿಂದ ಮೆಟ್ರೋವರೆಗಿನ ರಸ್ತೆ ಮೊಣಕಾಲುದ್ದ ನೀರಿನಲ್ಲಿ ಮುಳುಗುತ್ತದೆ. ಆಟೋದವರು ದೂರದಿಂದಲೇ ಕೈಯಾಡಿಸಿ ಹೋಗಿಬಿಡುತ್ತಾರೆ. ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ದಾಟುತ್ತೇನೆ. ಸಂಜೆಯವರೆಗೆ ಒದ್ದೆ ಸಲ್ವಾರಿನಲ್ಲಿ ಕೂತು, ಯಂತ್ರಗಳ ಕೈಪಿಡಿಗಳಲ್ಲಿ ತಪ್ಪು ತಿದ್ದುವ ನನ್ನ ಕೆಲಸ ಮಾಡುತ್ತೇನೆ. ಹಾಗಾಗಿ ಸೊಸೈಟಿಯ ಕಾರ್ಯದರ್ಶಿ ಶೇಷಗಿರಿ ರಾಯರು, "ಕಾಡುಮೇಡಲ್ಲಿ ಓಡೋ ಆರು ಚಕ್ರದ ಬಂಡಿ ಒಂದು ತಗೊಳ್ಳೋಣ, ಮಳೇಲಿ ಜನಾನ್ನ ಮೆಟ್ರೋಗೆ ಬಿಡುತ್ತೆ, ಮಿಕ್ಕ ತಿಂಗಳು ತೋಟದ ಗೊಬ್ಬರ ಹೊರುತ್ತೆ" ಎಂದಾಗ ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ.

ಆದರೆ ನಮ್ಮ ಸಮಿತಿಯಲ್ಲಿರುವವರೆಲ್ಲ ನಿವೃತ್ತ ಅಧಿಕಾರಿಗಳು. ಬಕೆಟ್ಟು ಕೊಳ್ಳಬೇಕಾದರೂ ಮೂರು ಕೊಟೇಶನ್ ಬೇಕು, ಹೋಲಿಕೆ ಪಟ್ಟಿ ಬೇಕು. ಪಟ್ಟಿ ಮಾಡುವವರು ಯಾರು? ರಾಯರ ಕಣ್ಣು ಹಿಂದಿನ ಸಾಲಿಗೆ ಬಂತು. "ಈ ಹುಡುಗಿ ಮಾಡ್ಲಿ. ಇವಳಿಗೆ ಯಾವುದರ ಮೇಲೂ ಪ್ರೀತಿ ಇದ್ದ ಹಾಗೆ ಕಾಣಲ್ಲ." ಸಭೆ ಒಮ್ಮತದಿಂದ ಒಪ್ಪಿತು. ಜೀವನವಿಡೀ ಆಡಿಟ್ ಇಲಾಖೆಯಲ್ಲಿದ್ದ ಅಧ್ಯಕ್ಷ ಖುರಾನಾ ಸಾಹೇಬರು ಮಾತ್ರ ಬೆರಳೆತ್ತಿದರು: "ರಿಪೋರ್ಟ್ ಬಿಲ್ಕುಲ್ ನಿಷ್ಪಕ್ಷ್ ಹೋನಾ ಚಾಹಿಯೇ, ಬೇಟಾ." ಪಕ್ಷಪಾತದ ವಾಸನೆ ಬಂದರೂ ಕಡತ ವಾಪಸ್, ಇನ್ನೊಂದು ಮಳೆಗಾಲ ಚಪ್ಪಲಿ ಕೈಯಲ್ಲಿ. ಇದು ನನಗೆ ಸ್ಪಷ್ಟವಾಗಿ ಅರ್ಥವಾಯಿತು.

ಸೈಕಲ್ಲನ್ನೂ ನೆಟ್ಟಗೆ ಹೊಡೆಯಲು ಬಾರದ ನಾನು ಮೂರು ವಾರ ಬಂಡಿಗಳನ್ನು ಓದಿದೆ. ಮೊದಲನೆಯದು ಹಿಂದೆ ತೊಟ್ಟಿಯಿರುವ ಡೀಸೆಲ್ ಬಂಡಿ. ಮುಂದಿನ ಎರಡು ಚಕ್ರ ತಿರುಗಿಸಲಿಕ್ಕೆ, ಹಿಂದಿನ ನಾಲ್ಕು ಭಾರ ಹೊರಲಿಕ್ಕೆ. ಮನೆಯ ಹಿರಿಮಗನ ಸ್ವಭಾವ: ಎಷ್ಟು ಹೇರಿದರೂ ಹೊರುತ್ತದೆ, ಜೊತೆಗೆ ಗೊಣಗುತ್ತದೆ. ಎರಡನೆಯದು ಬ್ಯಾಟರಿಯದು, ಸದ್ದೇ ಇಲ್ಲ. ಎಷ್ಟು ಆಳದ ನೀರಿನಲ್ಲಿ ಹೋಗುತ್ತದೆ ಎಂದು ಕೇಳಿದೆ. ಮಾರುವವನೂ ಅದರಷ್ಟೇ ನಿಶ್ಶಬ್ದನಾದ. ಮೂರನೆಯದಕ್ಕೆ ಬಲೂನಿನಂಥ ಆರು ದಪ್ಪ ಟೈರುಗಳು. ಸ್ಟೀರಿಂಗ್ ಇಲ್ಲ, ಎರಡು ಹಿಡಿಕೆಗಳು ಮಾತ್ರ. ಬಲಗಡೆಯದನ್ನು ಎಳೆದರೆ ಬಲಗಡೆಯ ಚಕ್ರಗಳು ನಿಲ್ಲುತ್ತವೆ, ಬಂಡಿ ಬಲಕ್ಕೆ ತಿರುಗುತ್ತದೆ. ನೀರು ಹೆಚ್ಚಾದರೆ ತೇಲುತ್ತದೆ. ಇಂಥ ಬಂಡಿಯನ್ನು ರಸ್ತೆಗಿಳಿಸಲು ಪರವಾನಗಿ ಬೇಡವೇ ಎಂದು ರಾಯರನ್ನು ಕೇಳಿದೆ. "ಅಷ್ಟು ನೀರಿರುವಾಗ ಅದು ರಸ್ತೆ ಅಂತ ಯಾರಮ್ಮ ಸಾಬೀತು ಮಾಡ್ತಾರೆ?" ಎಂದರು.

ಪರೀಕ್ಷೆಗೆಂದು ಒಂದು ಭಾನುವಾರ ರಾಯರೂ ನಾನೂ ಗ್ರೇಟರ್ ನೋಯ್ಡಾಕ್ಕೆ ಹೋದೆವು. ಮೂರೂ ಬಂಡಿಗಳನ್ನು ಮಾರುವ ಅಂಗಡಿಯೊಂದರ ಹಿಂದೆ ನೀರು ತುಂಬಿದ ದೊಡ್ಡ ಹೊಂಡವಿತ್ತು. ಡೀಸೆಲ್ ಬಂಡಿ ಹೊಂಡದ ಅಂಚಿನಲ್ಲಿ ಯೋಚನೆಗೆ ಬಿತ್ತು. ಬ್ಯಾಟರಿಯದನ್ನು ಅಂಚಿನವರೆಗೂ ತರಲಿಲ್ಲ. ಮೂರನೆಯದರ ಬಳಿ ಅಂಗಡಿಯವನು, "ಬೈಠಿಯೇ ಮೇಡಂ, ಕುಛ್ ನಹೀಂ ಹೋಗಾ" ಎಂದ. ರಾಯರು ತಮಗೆ ಸೊಂಟನೋವು ಎಂದು ನೆನಪಿಸಿಕೊಂಡು, "ನೀನು ಕೂತ್ಕೋ, ನಾನು ದಾಖಲೆಗೆ ವಿಡಿಯೊ ಮಾಡ್ತೀನಿ" ಎಂದರು. ಅಂಗಡಿಯವನು ಪಕ್ಕದಲ್ಲಿ ಕೂತ, ಹಿಡಿಕೆಗಳು ನನ್ನ ಕೈಯಲ್ಲಿ. ಬಂಡಿ ಇಳಿಜಾರಿನಲ್ಲಿ ಜಾರಿತು, ನೀರಿಗಿಳಿಯಿತು, ಚಕ್ರಗಳು ನೆಲ ಬಿಟ್ಟವು. ನಾನು ತೇಲುತ್ತಿದ್ದೆ! ಬಲಗಡೆಯ ಹಿಡಿಕೆ ಎಳೆದೆ, ಒಂದು ಸುತ್ತು. ಎಡಗಡೆಯದು, ಇನ್ನೊಂದು. "ಬಸ್ ಮೇಡಂ, ಬಸ್!" ಸಾಕು ಸಾಕು ಎನ್ನುತ್ತ ಅಂಗಡಿಯವನು ಸೀಟು ಹಿಡಿದುಕೊಂಡ.

ಮನೆಗೆ ಬಂದು ಒಂಬತ್ತು ಪುಟದ ವರದಿ ಬರೆದೆ. ಒಂದೇ ಒಂದು ವಿಶೇಷಣ ಬಳಸಲಿಲ್ಲ. ನೀರಿನ ಆಳ, ಹೊರುವ ಭಾರ, ತಿರುಗುವ ಜಾಗ ಎಲ್ಲವನ್ನೂ ಅಳೆದು ತೂಗಿ ಮೂರನೆಯದನ್ನು ಶಿಫಾರಸು ಮಾಡಿದೆ. ಇವತ್ತಿಗೂ ಹೇಳುತ್ತೇನೆ, ಆ ತೀರ್ಮಾನ ಸರಿಯಾಗಿತ್ತು. ಆದರೆ ರಾಯರು ತಮ್ಮ ವಿಡಿಯೊವನ್ನೂ ಅನುಬಂಧವಾಗಿ ಸೇರಿಸಿ, ಸಭೆಯಲ್ಲಿ ದೊಡ್ಡ ಟಿವಿಯ ಮೇಲೆ ಹಾಕಿದರು. ನಲವತ್ತು ಜನ ನೋಡಿದರು. ಖುರಾನಾ ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ರಾವ್ ಸಾಹೇಬ್, ಲಡ್ಕೀ ತೋ ಬಹುತ್ ಖುಷ್ ಹೈ." ಹುಡುಗಿಯ ಖುಷಿ ಅವರ ಕಣ್ಣಿಗೆ ಬಿದ್ದಿತ್ತು.

ರಾಯರು ನನ್ನತ್ತ ಬಾಗಿ ಪಿಸುಗುಟ್ಟಿದರು: "ಕೂಗಿದ್ದೀಯಲ್ಲಮ್ಮ."

"ಒಂದು ಸಲ ಇರಬಹುದು, ಅಂಕಲ್."

"ಮೂರು. ಖುರಾನಾ ಎಣಿಸಿದ್ದಾರೆ."

ವರದಿ ಬರೆದವರಿಗೆ ವಸ್ತುವಿನಲ್ಲಿ ವೈಯಕ್ತಿಕ ಸಂತೋಷವಿರುವುದು ಕಂಡುಬಂದಿರುವುದರಿಂದ ಶಿಫಾರಸನ್ನು ಅಂಗೀಕರಿಸಲಾಗದು ಎಂದು ನಡಾವಳಿಯಲ್ಲಿ ದಾಖಲಾಯಿತು. ಬಂಡಿ ಬರಲಿಲ್ಲ, ಮಳೆ ಬಂತು. ಈಗಲೂ ನೀರು ದಾಟುವಾಗ ಗೇಟಿನ ಬಳಿ ನಿಂತವರು, "ಔರ್ ಜೋರ್ ಸೇ, ಬೇಟಾ!" ಎಂದು ಇನ್ನೂ ಜೋರಾಗಿ ಕೂಗಲು ಹುರಿದುಂಬಿಸುತ್ತಾರೆ. ನಾನು ತಲೆ ತಗ್ಗಿಸಿ ನಡೆಯುತ್ತೇನೆ.

ವಿಡಿಯೊವನ್ನು ಮಾತ್ರ ಅಳಿಸಿಲ್ಲ. ಆಗಾಗ ನೋಡುತ್ತೇನೆ. ಮೂಗಿನ ಮೇಲೆ ಕೆಸರು ಮೆತ್ತಿಕೊಂಡು, ಯಾರ ಗೊಡವೆಯೂ ಇಲ್ಲದೆ ಹೊಂಡದ ನಡುವೆ ಗಿರಕಿ ಹೊಡೆಯುವ ಆ ಹುಡುಗಿ ಇದೇ ಸೊಸೈಟಿಯಲ್ಲಿದ್ದಾಳಂತೆ. ಪರಿಚಯ ಮಾಡಿಕೊಳ್ಳಬೇಕು ಎನ್ನಿಸುತ್ತದೆ. ಆದರೆ ನನಗೆ ಮೊದಲೇ ಸಂಕೋಚ; ಮಾತು ಹೇಗೆ ಶುರು ಮಾಡುವುದೋ ತಿಳಿಯದು.